ಸಿಡಿಲಿಗೆ ದಾರಿ ತೋರಿದ ಬೆಂಜಮಿನ್ ಫ್ರಾಂಕ್ಲಿನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯಲ್ಲಿ ನಾನು ಕೇಳಿದ ಒಂದು ಪ್ರಶ್ನೆ. ಆಗ ಹರಿಹರದಲ್ಲಿ ಸಂಜೆಯಾದರೆ ಕರೆಂಟ್ ಹೋಗುತ್ತಿತ್ತು. ಆಕಾಶದಲ್ಲಿ ಇಷ್ಟೊಂದು ಮಿಂಚುತ್ತದಲ್ಲ, ಒಂದೇ ಒಂದು ಸಿಡಿಲನ್ನು ಹಿಡಿದು ಬ್ಯಾಟರಿಗೆ ತುಂಬಿದರೆ ಹರಿಹರಕ್ಕೂ ದಾವಣಗೆರೆಗೂ ವರ್ಷವಿಡೀ ಸಾಕಾಗುವುದಿಲ್ಲವೇ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದೆ. ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಇನ್ನೂರೈವತ್ತು ವರ್ಷಗಳ ಹಿಂದೆಯೇ ಒಬ್ಬರು ಮೋಡದ ವಿದ್ಯುತ್ತನ್ನು ಸೀಸೆಗೆ ತುಂಬಿದ್ದರು, ಅವರ ಕಥೆಯನ್ನು ಮುಂದಿನ ವಾರ ಹೇಳುತ್ತೇನೆ ಎಂದರು.

ಮುಂದಿನ ವಾರ ಬರುವುದರೊಳಗೆ ರೋಹಿಣಿ ಮಳೆ ಬಂತು. ಹೊಲದಲ್ಲಿದ್ದ ನಮ್ಮ ಸಹಪಾಠಿಯೊಬ್ಬನ ತಂದೆ ಮಳೆಗೆ ಬೇವಿನ ಮರದಡಿ ನಿಂತಿದ್ದರು. ಮರಕ್ಕೆ ಸಿಡಿಲು ಬಡಿಯಿತು. ಆ ಹುಡುಗ ಹದಿನೈದು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಮೇಷ್ಟ್ರು ಪಾಠ ಬದಿಗಿಟ್ಟು ಫ್ರಾಂಕ್ಲಿನ್ ಅವರ ಕಥೆ ಹೇಳಿದರು. ಅದನ್ನೇ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಬೆಂಜಮಿನ್ ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬೋಸ್ಟನ್ ನಗರದಲ್ಲಿ. ತಂದೆಗೆ ಮೇಣದಬತ್ತಿ, ಸೋಪು ತಯಾರಿಸುವ ಕಸುಬು. ಹದಿನೇಳು ಮಕ್ಕಳಲ್ಲಿ ಇವರು ಹದಿನೈದನೆಯವರು. ಶಾಲೆಗೆ ಹೋದದ್ದು ಎರಡೇ ವರ್ಷ. ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟು, ಹನ್ನೆರಡಕ್ಕೆ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದರು. ಅಣ್ಣನೊಂದಿಗೆ ಹೊಂದಾಣಿಕೆಯಾಗದೆ ಹದಿನೇಳರಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದರು. ಅಲ್ಲಿ ಸ್ವಂತ ಅಚ್ಚುಕೂಟ, ಪತ್ರಿಕೆ, ಪಂಚಾಂಗ ಎಲ್ಲವನ್ನೂ ಕಟ್ಟಿದರು. 1731ರಲ್ಲಿ ಗೆಳೆಯರಿಂದ ಚಂದಾ ಕೂಡಿಸಿ ಗ್ರಂಥಾಲಯ ತೆರೆದರು. 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ತಂಡ ಕಟ್ಟಿದರು. ಓದಲು ಅವಕಾಶ ಸಿಗದವರು ಊರಿಗೇ ಓದಿನ ಮನೆ ಕಟ್ಟಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಲಂಡನ್ನಿನ ಸ್ನೇಹಿತರೊಬ್ಬರು ಆ ಗ್ರಂಥಾಲಯಕ್ಕೆ ಕಳಿಸಿದ ಒಂದು ಗಾಜಿನ ಕೊಳವೆಯಿಂದ ಅವರಿಗೆ ವಿದ್ಯುತ್ತಿನ ಹುಚ್ಚು ಹಿಡಿಯಿತು. ಆಗ ವಯಸ್ಸು ನಲವತ್ತು. ಬಟ್ಟೆಯಿಂದ ಕೊಳವೆಯನ್ನು ಉಜ್ಜಿ ಕಿಡಿ ಹಾರಿಸುವುದು, ಆ ವಿದ್ಯುತ್ತನ್ನು ಲೈಡನ್ ಜಾಡಿಯಲ್ಲಿ ಕೂಡಿಡುವುದು ಅಂದಿನ ಕುತೂಹಲದ ಆಟ. ಲೈಡನ್ ಜಾಡಿ ಎಂದರೆ ಒಳಗೂ ಹೊರಗೂ ಲೋಹದ ಹಾಳೆ ಹಚ್ಚಿದ ಗಾಜಿನ ಸೀಸೆ. ಇಂದು ಫ್ಯಾನ್ ತಿರುಗದಿದ್ದರೆ ಎಲೆಕ್ಟ್ರಿಷಿಯನ್ ಬದಲಿಸುವ ಕಂಡೆನ್ಸರ್‌ಗೆ ಅದೇ ಮೂಲಪುರುಷ. ವಿದ್ಯುತ್ತಿಗೆ ಧನ, ಋಣ ಎಂಬ ಲೆಕ್ಕ ಕೊಟ್ಟವರು ಫ್ರಾಂಕ್ಲಿನ್. ಜಾಡಿಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಬ್ಯಾಟರಿ ಎಂದು ಹೆಸರಿಟ್ಟವರೂ ಅವರೇ. 1750ರ ಡಿಸೆಂಬರ್‌ನಲ್ಲಿ ಎರಡು ಜಾಡಿಗಳ ವಿದ್ಯುತ್ತಿನಿಂದ ಟರ್ಕಿ ಕೋಳಿಯನ್ನು ಕೊಲ್ಲಲು ಹೋಗಿ ತಾವೇ ಶಾಕ್ ಹೊಡೆಸಿಕೊಂಡು ಎಚ್ಚರ ತಪ್ಪಿದ್ದರು.

ಜಾಡಿಯ ಕಿಡಿಯೂ ಆಕಾಶದ ಮಿಂಚೂ ಒಂದೇ ಎಂಬುದು ಅವರ ಊಹೆ. ಎತ್ತರದ ಚೂಪಾದ ಕಬ್ಬಿಣದ ಸಲಾಕೆಯಿಂದ ಇದನ್ನು ಪರೀಕ್ಷಿಸಬಹುದೆಂದು ಬರೆದರು. ಅವರ ಬರಹ ಓದಿದ ಫ್ರಾನ್ಸಿನ ವಿಜ್ಞಾನಿಗಳು 1752ರ ಮೇ 10ರಂದು ಅದನ್ನು ಮಾಡಿಯೂ ತೋರಿಸಿದರು. ಆ ಸುದ್ದಿ ತಲುಪುವ ಮೊದಲೇ, ಜೂನ್‌ನಲ್ಲಿ, ಫ್ರಾಂಕ್ಲಿನ್ ಮಗ ವಿಲಿಯಂನೊಂದಿಗೆ ರೇಷ್ಮೆ ಬಟ್ಟೆಯ ಗಾಳಿಪಟ ಹಾರಿಸಿದರು. ಪಟದ ತುದಿಗೆ ಚೂಪಾದ ತಂತಿ, ನೆನೆದ ಸೆಣಬಿನ ದಾರಕ್ಕೆ ಬೀಗದ ಕೈ, ಕೈಯಲ್ಲಿ ಹಿಡಿಯಲು ಒಣ ರೇಷ್ಮೆ ಪಟ್ಟಿ. ಬೀಗದ ಕೈಯಿಂದ ಕಿಡಿ ಹಾರಿತು, ಜಾಡಿ ತುಂಬಿತು. ಪಟಕ್ಕೆ ಸಿಡಿಲು ಬಡಿಯಿತೆಂದು ಹಲವರು ತಿಳಿದಿದ್ದಾರೆ. ಬಡಿದಿದ್ದರೆ ಫ್ರಾಂಕ್ಲಿನ್ ಉಳಿಯುತ್ತಿರಲಿಲ್ಲ. ದಾರದಲ್ಲಿ ಇಳಿದದ್ದು ಮೋಡದಡಿಯ ಅಲ್ಪ ವಿದ್ಯುತ್ತು ಮಾತ್ರ. ಮರುವರ್ಷ ಆಗಸ್ಟ್‌ನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಿಚ್ಮನ್ ಎಂಬ ವಿಜ್ಞಾನಿ ಇಂಥದೇ ಪ್ರಯೋಗದಲ್ಲಿ ಪ್ರಾಣ ಕಳೆದುಕೊಂಡರು. ವಿದ್ಯಾರ್ಥಿಗಳು ಯಾರೂ ಇದನ್ನು ಮಾಡಿ ನೋಡಬಾರದು.

ಹಾಗಾದರೆ ನನ್ನ ಪ್ರಶ್ನೆ? ದಾವಣಗೆರೆಯಲ್ಲಿ ಬಿ.ಇ. ಓದುವಾಗ ಒಂದು ದಿನ ಹರಿಹರದ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಸಿಡಿಲಿನಲ್ಲಿ ಸುಮಾರು 100 ಕೋಟಿ ಜೂಲ್ ಶಕ್ತಿ ಎನ್ನುತ್ತಾರೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ ಬರುವುದು ಸುಮಾರು 280 ಯೂನಿಟ್. ಇಂದಿನ ಗೃಹಜ್ಯೋತಿಯ ತಿಂಗಳ ಮಿತಿ 200 ಯೂನಿಟ್. ಅಂದರೆ ಇಡೀ ಸಿಡಿಲು ಕೈಗೆ ಸಿಕ್ಕರೂ ಒಂದು ಮನೆಗೆ ಒಂದೂವರೆ ತಿಂಗಳು ಸಾಲದು. ಅದರಲ್ಲೂ ಬಹುಪಾಲು ದಾರಿಯಲ್ಲೇ ಶಾಖ, ಬೆಳಕು, ಗುಡುಗಾಗಿ ಕಳೆದುಹೋಗುತ್ತದೆ. ನಮ್ಮ ಸೂಳೆಕೆರೆ ತುಂಬುವುದು ಹಳ್ಳದ ನೀರು ದಿನಗಟ್ಟಲೆ ಹರಿದು ಬರುವುದರಿಂದ. ಸಿಡಿಲು ಒಂದು ಕೊಡ ನೀರನ್ನು ಫಿರಂಗಿಯಿಂದ ಹಾರಿಸಿದಂತೆ. ಒಡ್ಡಿದ ಪಾತ್ರೆಯೇ ಪುಡಿಯಾಗುತ್ತದೆ. ಎಲ್ಲಿ, ಯಾವಾಗ ಬೀಳುತ್ತದೆಂದು ಕಾದು ಕೂರಬೇಕಾದ್ದು ಬೇರೆ.

ಫ್ರಾಂಕ್ಲಿನ್ ಅವರ ಹಿರಿಮೆ ಇರುವುದು ಇಲ್ಲಿಯೇ. ಹಿಡಿದಿಡಲಾಗದ್ದಕ್ಕೆ ಅವರು ದಾರಿ ಮಾಡಿಕೊಟ್ಟರು. ಕಟ್ಟಡದ ನೆತ್ತಿಯಲ್ಲೊಂದು ಸಲಾಕೆ, ಅಲ್ಲಿಂದ ನೆಲದೊಳಕ್ಕೆ ಲೋಹದ ತಂತಿ: ಸಿಡಿಲು ಗೋಡೆ ಸೀಳದೆ ಮಣ್ಣಿಗೆ ಇಳಿಯುತ್ತದೆ. ಈ ಮಿಂಚುವಾಹಕಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ವಿಧಾನವನ್ನು ತಮ್ಮ ಪಂಚಾಂಗದಲ್ಲಿ ಅಚ್ಚು ಹಾಕಿದರು. 1753ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ನೀಡಿತು.

ಮುಂದಿನದು ರಾಜಕೀಯದ ಬದುಕು. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಅವರ ಸಹಿಯಿದೆ. ಗಾಳಿಪಟ ಹಾರಿಸಲು ಜೊತೆಗಿದ್ದ ಮಗ ಮಾತ್ರ ಬ್ರಿಟಿಷ್ ರಾಜನ ಪಕ್ಷದಲ್ಲಿ ಉಳಿದ. ತಂದೆ ಮಗನ ಮನಸ್ಸು ಮತ್ತೆ ಕೂಡಲಿಲ್ಲ. ಅವರಲ್ಲಿ ದೋಷವೂ ಇತ್ತು. ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. ಆದರೆ ಮುಪ್ಪಿನಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾಗಿ, ಅದನ್ನು ನಿಲ್ಲಿಸಬೇಕೆಂದು 1790ರಲ್ಲಿ ಸಂಸತ್ತಿಗೆ ಮನವಿ ಸಲ್ಲಿಸಿದರು. ಅದೇ ವರ್ಷ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಬೋಸ್ಟನ್, ಫಿಲಡೆಲ್ಫಿಯಾ ನಗರಗಳಿಗೆ ತಲಾ 1000 ಪೌಂಡ್ ಬಿಟ್ಟು, ಕಸುಬು ಆರಂಭಿಸುವ ಯುವಕರಿಗೆ ಅದನ್ನು ಸಾಲ ಕೊಡುತ್ತಾ ಇನ್ನೂರು ವರ್ಷ ಬೆಳೆಸಬೇಕೆಂದು ಬರೆದಿದ್ದರು. 1990ರ ಹೊತ್ತಿಗೆ ಅದು ಹತ್ತಾರು ಲಕ್ಷ ಡಾಲರ್ ಆಗಿತ್ತು. ನಿಜವಾಗಿ ಕೂಡಿಡಬಹುದಾದದ್ದು ಯಾವುದೆಂದು ಅವರಿಗೆ ಗೊತ್ತಿತ್ತು.

ಅಂದು ಮೇಷ್ಟ್ರು ಪಾಠ ಮುಗಿಸಿದಾಗ ತಂದೆ ಕಳೆದುಕೊಂಡ ಗೆಳೆಯ ಒಂದೇ ಮಾತು ಕೇಳಿದ್ದ: ಹೊಲದಲ್ಲಿ ಸಲಾಕೆ ಎಲ್ಲಿ ನೆಡುವುದು ಸರ್? ಅದಕ್ಕೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಇಂದು ಸ್ವಲ್ಪ ಉತ್ತರವಿದೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಮೊಬೈಲಿನಲ್ಲೇ ಎಚ್ಚರಿಕೆ ಕೊಡುತ್ತದೆ. ಮಕ್ಕಳೇ, ಮನೆಯ ಹಿರಿಯರ ಫೋನಿಗೆ ಅದನ್ನು ಹಾಕಿಕೊಡಿ. ಗುಡುಗು ಕೇಳಿದ ಕೂಡಲೇ ಮರದಡಿ ನಿಲ್ಲದೆ ಒಳ್ಳೆಯ ಕಟ್ಟಡ ಸೇರಬೇಕೆಂದು ಹೇಳಿಕೊಡಿ. ಆ ಕಟ್ಟಡ ನಮ್ಮ ಶಾಲೆಯೇ ಆಗಲಿ ಎಂದು, ಈ ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಅದರ ಮೇಲೊಂದು ಮಿಂಚುವಾಹಕ ಹಾಕಿಸಲು ನಮ್ಮ ಬ್ಯಾಚಿನವರು ಹಣ ಕೂಡಿಸುತ್ತಿದ್ದೇವೆ. ಮೊದಲ ಕಂತು ಕೊಟ್ಟವನು ಆ ಗೆಳೆಯನೇ.