ಬೆಂಗಳೂರಿನಲ್ಲಿ ಬಾರ್ನ್ ಅವರಿಗೆ ಸಿಗದ ಕೆಲಸ

ಎಂ.ಎಸ್‌ಸಿ. ಗಣಿತ ಮುಗಿಸಿ ಎರಡು ವರ್ಷವಾಯಿತು. ಹೆಗ್ಗನಹಳ್ಳಿ ಕ್ರಾಸ್‌ನಲ್ಲಿ ಬಸ್ ಹತ್ತಿ ಸಂದರ್ಶನಕ್ಕೆ ಹೋಗುವುದು, ಆಮೇಲೆ ತಿಳಿಸುತ್ತೇವೆ ಎನ್ನಿಸಿಕೊಂಡು ವಾಪಸಾಗುವುದು ರೂಢಿಯಾಗಿದೆ. ಈಚೆಗೆ ಒಂದು ಕಡೆ, ನನ್ನ ಓದು ಈ ಕೆಲಸಕ್ಕೆ ಸಾಲದು ಎಂದು ಎದುರಿಗೇ ಹೇಳಿದರು. ಮನೆಗೆ ಬಂದವನು ಅಮ್ಮನಿಗೆ ಊಟ ಬೇಡವೆಂದು ಹೇಳಿ ಮಲಗಿಬಿಟ್ಟೆ.

ಅದೇ ವಾರ ಗ್ರಂಥಾಲಯದಲ್ಲಿ ಮ್ಯಾಕ್ಸ್ ಬಾರ್ನ್ ಅವರ ಜೀವನ ಓದಿದೆ. ಕ್ವಾಂಟಂ ಪಾಠದಲ್ಲಿ ಬಂದು ಹೋಗುವ ಹೆಸರು. ಅವರೂ ನಮ್ಮ ಬೆಂಗಳೂರಿನಲ್ಲೇ ಬೇಡವೆನ್ನಿಸಿಕೊಂಡವರು ಎಂದು ನನಗೆ ಗೊತ್ತಿರಲಿಲ್ಲ.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್‌ನಲ್ಲಿ. ನಾಲ್ಕನೇ ವಯಸ್ಸಿಗೆ ತಾಯಿ ತೀರಿಕೊಂಡರು. ಗಾಟಿಂಗೆನ್‌ನಲ್ಲಿ ಗಣಿತಜ್ಞ ಹಿಲ್ಬರ್ಟ್ ಅವರ ಸಹಾಯಕರಾಗಿದ್ದ ಬಾರ್ನ್, 1906ರಲ್ಲಿ ಗಣಿತದಲ್ಲೇ ಡಾಕ್ಟರೇಟ್ ಪಡೆದರು. ಬಾಗುವ ತಂತಿ, ಪಟ್ಟಿಗಳ ಸ್ಥಿರತೆ ಅವರ ವಿಷಯ. 1921ರಲ್ಲಿ ಅಲ್ಲೇ ಪ್ರಾಧ್ಯಾಪಕರಾದರು. ಪೌಲಿ, ಹೈಸನ್‌ಬರ್ಗ್ ಅವರ ಸಹಾಯಕರಾಗಿದ್ದವರು. ಕ್ವಾಂಟಂ ತರಂಗಕ್ಕೆ ಸಂಭವನೀಯತೆಯ ಅರ್ಥವಿದೆ ಎಂದು 1926ರಲ್ಲಿ ತೋರಿಸಿದವರು ಬಾರ್ನ್.

1933ರಲ್ಲಿ ಹಿಟ್ಲರ್ ಸರ್ಕಾರ ಬಂತು. ಯೆಹೂದಿ ಮೂಲದವರೆಂದು ಅವರನ್ನು ಕೆಲಸದಿಂದ ಅಮಾನತು ಮಾಡಿದರು. ಐವತ್ತು ವರ್ಷದ ಬಾರ್ನ್ ಸಂಸಾರ ಸಮೇತ ದೇಶ ಬಿಟ್ಟು ಕೇಂಬ್ರಿಜ್ ಸೇರಿದರು. ಅಲ್ಲಿದ್ದದ್ದು ತಾತ್ಕಾಲಿಕ ಕೆಲಸ.

ಆ ಅನಿಶ್ಚಿತ ದಿನಗಳಲ್ಲೇ, 1934ರಲ್ಲಿ, ಪೋಲೆಂಡಿನ ಇನ್‌ಫೆಲ್ಡ್ ಜೊತೆಗೂಡಿ ಹೊಸ ಸಮೀಕರಣಗಳನ್ನು ಕೊಟ್ಟರು. ಮ್ಯಾಕ್ಸ್‌ವೆಲ್ ಅವರ ವಿದ್ಯುತ್ಕಾಂತ ಸಮೀಕರಣಗಳು ಲೀನಿಯರ್: ಎರಡು ಉತ್ತರಗಳನ್ನು ಕೂಡಿದರೆ ಬರುವುದೂ ಉತ್ತರವೇ. ಆದರೆ ಎಲೆಕ್ಟ್ರಾನನ್ನು ಒಂದು ಬಿಂದು ಎಂದುಕೊಂಡರೆ ಅದರ ಕ್ಷೇತ್ರದ ಶಕ್ತಿ ಅನಂತವಾಗುತ್ತದೆ. ವೇಗಕ್ಕೆ ಬೆಳಕಿನ ವೇಗದ ಮಿತಿ ಇರುವಂತೆ ವಿದ್ಯುತ್ ಕ್ಷೇತ್ರಕ್ಕೂ ಒಂದು ಮಿತಿ ಇರಲಿ ಎಂದರು ಬಾರ್ನ್. ಆಗ ಶಕ್ತಿ ಲೆಕ್ಕಕ್ಕೆ ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಎಂದರೆ, ಸಮೀಕರಣಗಳು ನಾನ್‌ಲೀನಿಯರ್ ಆದವು. ಉತ್ತರಗಳನ್ನು ಸುಮ್ಮನೆ ಕೂಡುವ ಸುಲಭದ ದಾರಿ ಮುಚ್ಚಿತು. ಪಿಡಿಇ ಪರೀಕ್ಷೆ ಬರೆದವರಿಗೆ ಈ ಕಷ್ಟ ಏನೆಂದು ಗೊತ್ತು!

1935ರಲ್ಲಿ ಸಿ.ವಿ. ರಾಮನ್ ಆಹ್ವಾನದ ಮೇಲೆ ಬಾರ್ನ್ ಪತ್ನಿ ಹೆಡಿಯೊಂದಿಗೆ ಬೆಂಗಳೂರಿಗೆ, ನಾವು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸುಮಾರು ಆರು ತಿಂಗಳು ಇದ್ದರು. ಸೆಂಟ್ರಲ್ ಕಾಲೇಜಿನ ಬಿ.ಎಸ್. ಮಾಧವರಾವ್ ಅವರೂ ಬಾರ್ನ್ ಸಿದ್ಧಾಂತದ ಮೇಲೆ ಸಂಶೋಧನೆ ಮಾಡಿ ಪ್ರಕಟಿಸಿದರು.

ಬಾರ್ನ್ ಅವರನ್ನು ಇಲ್ಲೇ ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡಬೇಕೆಂಬುದು ರಾಮನ್ ಆಸೆ. ಅಧ್ಯಾಪಕರ ಸಭೆಯಲ್ಲಿ ವಿಷಯ ಬಂತು. ಬಾರ್ನ್ ಕೂಡ ಅಲ್ಲೇ ಕುಳಿತಿದ್ದರು. ಆಗ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದಲೇ ಓಡಿಸಲ್ಪಟ್ಟ ಈ ಎರಡನೇ ದರ್ಜೆಯ ಪರದೇಶಿ ನಮಗೆ ತಕ್ಕವರಲ್ಲ ಎಂಬರ್ಥದಲ್ಲಿ ಮಾತನಾಡಿದರಂತೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಎಂದು ಬಾರ್ನ್ ಮುಂದೆ ನೆನಪಿಸಿಕೊಂಡಿದ್ದಾರೆ. ಕೆಲಸ ಸಿಗಲಿಲ್ಲ.

ಈ ಭಾಗ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನೊಬೆಲ್ ತರುವ ಕೆಲಸವನ್ನು ಅವರು ಮಾಡಿ ಆಗಲೇ ಹತ್ತು ವರ್ಷವಾಗಿತ್ತು. ಸಭೆಯಲ್ಲಿ ಕೇಳಿದ ಮಾತಿನಿಂದ ಆ ಕೆಲಸವೇನೂ ಕಡಿಮೆಯಾಗಲಿಲ್ಲ.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಕರೆಯಿತು. ಐವತ್ಮೂರನೇ ವಯಸ್ಸಿನಲ್ಲಿ ಹೊಸದಾಗಿ ಶುರುಮಾಡಿ 1953ರವರೆಗೆ ಅಲ್ಲಿ ಪಾಠ ಹೇಳಿದರು. 1926ರ ಕೆಲಸಕ್ಕೆ ನೊಬೆಲ್ ಬಂದದ್ದು 1954ರಲ್ಲಿ, ನಿವೃತ್ತಿಯ ನಂತರ! 1970ರ ಜನವರಿ 5ರಂದು ತೀರಿಕೊಂಡರು. ಇನ್‌ಫೆಲ್ಡ್ ಜೊತೆ ಮಾಡಿದ ಸಮೀಕರಣಗಳನ್ನು ಕ್ವಾಂಟಂ ಸಿದ್ಧಾಂತಕ್ಕೆ ಹೊಂದಿಸಲು ಅವರಿಂದ ಆಗಿರಲಿಲ್ಲ. ಆದರೆ 1980ರ ದಶಕದಲ್ಲಿ ಸ್ಟ್ರಿಂಗ್ ಸಿದ್ಧಾಂತದ ಲೆಕ್ಕಗಳಲ್ಲಿ ಅವೇ ಮತ್ತೆ ಕಾಣಿಸಿಕೊಂಡವು.

ನಾನು ಬಾರ್ನ್ ಅಲ್ಲ, ನನಗೆ ನೊಬೆಲ್ ಬರುವುದೂ ಇಲ್ಲ. ಆದರೂ ಅಂಥವರು ನಮ್ಮ ಊರಿನಲ್ಲೇ ಅತ್ತು, ಮತ್ತೆ ಲೆಕ್ಕಕ್ಕೆ ಕೂತಿದ್ದರು ಎಂಬುದು ನನಗೆ ಧೈರ್ಯ ಕೊಟ್ಟಿದೆ. ಸೋಮವಾರ ಇನ್ನೊಂದು ಸಂದರ್ಶನವಿದೆ. ಬಸ್ಸು ಟಾಟಾ ಇನ್‌ಸ್ಟಿಟ್ಯೂಟ್ ಮುಂದೆಯೇ ಹೋಗುತ್ತದೆ. ಪಿಡಿಇ ನೋಟ್ಸ್ ಮತ್ತೆ ತೆಗೆದಿದ್ದೇನೆ.