ಪರದೆ ಹಿಂದಿನ ಹುಡುಗ ಕಂಪನಿ ಮಾಲೀಕನಾದ: ಗುಬ್ಬಿ ವೀರಣ್ಣನ ಬದುಕು

ಕೊಟ್ಟೂರು ತೇರು, ಮೈಲಾರ ಜಾತ್ರೆ ಅಂದ್ರೆ ನಮ್ಮ ಕಡೆ ಹಿರಿಯರಿಗೆ ಮೊದಲು ನೆನಪಾಗೋದು ಕಂಪನಿ ನಾಟಕ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ರಾತ್ರಿಯಿಡೀ ಕೂತು ನೋಡ್ತಿದ್ದರು. ಆ ಕಂಪನಿ ನಾಟಕದ ದೊಡ್ಡ ಹೆಸರು ತುಮಕೂರು ಜಿಲ್ಲೆಯ ಗುಬ್ಬಿ ವೀರಣ್ಣ.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಗುಬ್ಬಿ ಕಂಪನಿ ಅದಕ್ಕೂ ಮೊದಲೇ, 1884ರಲ್ಲಿ ಶುರುವಾಗಿತ್ತು. ಚಿಕ್ಕ ಹುಡುಗನಾಗಿದ್ದಾಗಲೇ ಬಾಲನಟನಾಗಿ ಅದೇ ಕಂಪನಿ ಸೇರಿದರು. 1917ರಲ್ಲಿ ಕಂಪನಿ ಅವರ ಕೈಗೇ ಬಂತು. ಕೂಲಿ ಮಾಡಿದ ಜಾಗಕ್ಕೇ ಮಾಲೀಕ! ಪಾತ್ರಧಾರಿಯ ಕಷ್ಟ ಏನು, ಅಡುಗೆಮನೆಯಲ್ಲಿ ಅನ್ನ ಕಡಿಮೆಯಾದರೆ ಏನಾಗುತ್ತೆ ಅನ್ನೋದನ್ನ ಇಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗಿರಾಕಿ ಏನಂತಾನೆ ಅಂತ ತಿಳ್ಕೊಳ್ಳೋಕೆ ಈಗಿನ ಅಂಗಡಿಯವರು ಫೋನಿನಲ್ಲಿ ಸ್ಟಾರ್ ಒತ್ತಿಸ್ತಾರೆ. ಕಂಪನಿ ನಾಟಕದಲ್ಲಿ ಅದು ಅಲ್ಲೇ, ಆಗಲೇ. ಹಾಡು ಹಿಡಿಸಿದರೆ ಒನ್ಸ್ ಮೋರ್, ನಟ ಮತ್ತೆ ಹಾಡಲೇಬೇಕು. ಹಿಡಿಸದಿದ್ದರೆ ಸಿಳ್ಳೆ, ಮರುದಿನ ಗಲ್ಲಾಪೆಟ್ಟಿಗೆ ಖಾಲಿ. ವೀರಣ್ಣ ಹಾಸ್ಯನಟ. ಜನ ಎಲ್ಲಿ ನಗ್ತಾರೆ, ಎಲ್ಲಿ ಆಕಳಿಸ್ತಾರೆ ಅನ್ನೋದು ರಂಗದ ಮೇಲಿಂದಲೇ ಅವರಿಗೆ ಕಾಣ್ತಿತ್ತು. ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರ ನೋಡೋಕೆ ನೋಡಿದವರೇ ಮತ್ತೆ ಬರ್ತಿದ್ದರು. 1934ರ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆ ರಂಗಕ್ಕೆ ತಂದರು.

ಗಂಡಸರೇ ಹೆಣ್ಣು ವೇಷ ಹಾಕ್ತಿದ್ದ ಕಾಲ ಅದು. ಅವರ ಕಂಪನಿಯಲ್ಲಿ ಬಿ. ಜಯಮ್ಮನಂಥ ನಟಿಯರು ಬೆಳೆದರು. ಮಕ್ಕಳದೇ ಬೇರೆ ತಂಡ ಇತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅಲ್ಲಿ ನಟರು, ಅವರ ಮಗ ಮುತ್ತುರಾಜನೂ ಅಲ್ಲೇ ಬಣ್ಣ ಹಚ್ಚಿದ.

ಟಾಕಿ ಬಂದ ಮೇಲೆ ಕಂಪನಿಗಳಿಗೆ ಪೆಟ್ಟು ಬಿತ್ತು. ಕಲೆಕ್ಷನ್ ಬಿದ್ದರೆ ಸಂಬಳಕ್ಕೂ ಕಷ್ಟ, ನಟರು ಸಿನಿಮಾ ಕಡೆ ಹೊರಟರೆ ತಪ್ಪೇನು? ವೀರಣ್ಣ ಬಾಗಿಲು ಹಾಕಿಕೊಂಡು ಕೂರಲಿಲ್ಲ, ತಾವೂ ಸಿನಿಮಾಕ್ಕೆ ಕೈ ಹಾಕಿದರು. 1954ರ 'ಬೇಡರ ಕಣ್ಣಪ್ಪ'ದ ನಿರ್ಮಾಣದಲ್ಲಿ ಅವರ ಪಾಲಿತ್ತು. ಮುತ್ತುರಾಜ ಅದರಲ್ಲೇ ರಾಜ್‌ಕುಮಾರ್ ಆದರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಕಂಪನಿಯ ಗರಡಿಯವರೇ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಹುಡುಗನೊಬ್ಬನನ್ನ ವೀರಣ್ಣ ಹಿಂದಿ ಎಂ.ಎ. ಓದೋಕೆ ಕಾಶಿಗೆ ಕಳಿಸಿದರು. ಚೆನ್ನಾಗಿ ದುಡಿಯೋ ಆಳನ್ನ ಯಾವ ಮಾಲೀಕ ಬಿಟ್ಟುಕೊಡ್ತಾನೆ ಹೇಳಿ. ಓದಿಸಿದ ಮೇಲೆ ತಿರುಗಿ ಬರ್ತಾನೆ ಅನ್ನೋ ಗ್ಯಾರಂಟಿಯೂ ಇರಲ್ಲ. ಆ ಹುಡುಗನೇ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು.

ರಂಗಾಯಣ ನೋಡೋಕೆ ವೀರಣ್ಣ ಇರಲಿಲ್ಲ. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀ ರಂಗಭೂಮಿಯಲ್ಲೇ ಮುಂದುವರಿದರು.