ಟೆಲ್ಫೋರ್ಡ್ ವರ್ಕ್

ಟೆಲ್ಫೋರ್ಡ್ ಹಿಂಡ್ಲಿ ವರ್ಕ್ (1921–1995) ಅಮೆರಿಕದ ವೈದ್ಯ ಹಾಗೂ ವೈರಾಣು ವಿಜ್ಞಾನಿ. ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಗೆ ಕಾರಣವಾದ ವೈರಾಣುವನ್ನು ಗುರುತಿಸಿದ ತಂಡದ ಮುಖ್ಯಸ್ಥರಾಗಿ ಪ್ರಸಿದ್ಧರು. ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಾಣುವನ್ನು ಅಧ್ಯಯನ ಮಾಡಿದ ನಂತರ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

1957ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಪುಣೆಯನ್ನು ತಲುಪಿತು. ಸುತ್ತಲಿನ ಹಳ್ಳಿಗರನ್ನು ಕಾಡುತ್ತಿದ್ದ ಜ್ವರವನ್ನು ಮೊದಲು ವಿಷಮಶೀತ ಜ್ವರವೆಂದು ಭಾವಿಸಲಾಗಿತ್ತು. ಆದರೆ ಮಂಗಗಳ ಸಾವು, ಏಷ್ಯಾಕ್ಕೆ ಎಂದೂ ಕಾಲಿಡದಿದ್ದ ಹಳದಿ ಜ್ವರದ ಶಂಕೆಯನ್ನು ಹುಟ್ಟಿಸಿತು. ಹಾಗಿದ್ದಲ್ಲಿ ಅಪಾಯ ಮಲೆನಾಡಿಗಷ್ಟೇ ಸೀಮಿತವಾಗಿರುತ್ತಿರಲಿಲ್ಲ.

ಆನುವಂಶಿಕ ಪರೀಕ್ಷೆಗಳಿಲ್ಲದ ಕಾಲವದು. ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡವು ಸತ್ತ ಮುಸುವಗಳ ಅಂಗಾಂಶ ಹಾಗೂ ರೋಗಿಗಳ ರಕ್ತವನ್ನು ಸಂಗ್ರಹಿಸಿತು. ಇವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ಕಾದು, ದೊರೆತ ವೈರಾಣುವನ್ನು ಪರಿಚಿತ ವೈರಾಣುಗಳ ಪ್ರತಿಕಾಯಗಳೊಡನೆ ತಾಳೆ ನೋಡಬೇಕಿತ್ತು. ಇಷ್ಟು ನಿಧಾನದ ವಿಧಾನದಿಂದಲೂ ಅದೇ ವರ್ಷ ಉತ್ತರ ದೊರೆತದ್ದು ಗಮನಾರ್ಹ. ಅದು ಹಳದಿ ಜ್ವರವಾಗಿರಲಿಲ್ಲ; ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಸಮೀಪದ, ಅದುವರೆಗೆ ಅಪರಿಚಿತವಾಗಿದ್ದ ವೈರಾಣು. ಇದರಿಂದ ಗಮನ ಸೊಳ್ಳೆಯಿಂದ ಕಾಡಿನ ಉಣ್ಣೆಯತ್ತ ತಿರುಗಿತು. ಈ ವೈರಾಣುವಿನೊಡನೆ ಕೆಲಸ ಮಾಡಿದ ಪ್ರಯೋಗಾಲಯ ಸಿಬ್ಬಂದಿಯಲ್ಲಿ ಹಲವರಿಗೆ ಸೋಂಕು ತಗುಲಿತು.

ಭಾರತದಿಂದ ಮರಳಿದ ವರ್ಕ್ ಅಟ್ಲಾಂಟಾದ ಸಾಂಕ್ರಾಮಿಕ ರೋಗ ಕೇಂದ್ರದಲ್ಲಿಯೂ ನಂತರ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿಯೂ ಕೆಲಸ ಮಾಡಿದರು. ಅವರ ತಂಡ ಗುರುತಿಸಿದ ವೈರಾಣುವಿನ ಆರ್‌ಎನ್‌ಎಯನ್ನು ಈಗ ಶಿವಮೊಗ್ಗ ನಗರದ ವೈರಾಣು ಪತ್ತೆ ಪ್ರಯೋಗಾಲಯದಲ್ಲಿ ಆರ್‌ಟಿ-ಪಿಸಿಆರ್ ವಿಧಾನದಿಂದ ಪರೀಕ್ಷಿಸಲಾಗುತ್ತದೆ; ಇದಕ್ಕೆ ಕೆಲವು ಗಂಟೆಗಳು ಸಾಕು. 1957ರಲ್ಲಿ ರೋಗಿಯೊಬ್ಬರಿಂದ ಪಡೆದ ಪಿ9605 ತಳಿಯನ್ನು ಜೀನೋಮ್ ಹೋಲಿಕೆಗಳಲ್ಲಿ ಇಂದಿಗೂ ಬಳಸುತ್ತಾರೆ.